ಕಾಶ್ಮೀರಜ: ಕೇಸರಿಯ ಔಷಧತ್ವ ವಿಚಾರ

ಶ್ರೀನಗರಕ್ಕೆ ಆಗ್ನೇಯದಲ್ಲಿ ವಿತಸ್ತಾ ನದಿಯ ದಡದಲ್ಲಿರುವ ಪಾಂಪೋರಿನ ಜನ, ತಮ್ಮ ಹೊಲಗಳಿಗೆ ಕೇಸರಿ ಬಂದ ಬಗೆಯನ್ನು ಕುರಿತು ಎರಡು ಕಥೆಗಳನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಕಲ್ಹಣನ ರಾಜತರಂಗಿಣಿಯಲ್ಲಿ ಪದ್ಮಪುರವೆಂದು ಕರೆಯಲ್ಪಟ್ಟಿರುವ ಆ ಊರಿನಲ್ಲಿ ಒಬ್ಬ ವೈದ್ಯನಿದ್ದನೆಂದೂ, ನೇತ್ರರೋಗದಿಂದ ನರಳುತ್ತಿದ್ದ ತಕ್ಷಕನಾಗನು ಅವನಲ್ಲಿಗೆ ಬಂದು ಗುಣಹೊಂದಿದ ಮೇಲೆ ಕೃತಜ್ಞತೆಯಿಂದ ಕೇಸರಿಯ ಗಡ್ಡೆಯೊಂದನ್ನು ಅವನ ಕೈಯಲ್ಲಿಟ್ಟನೆಂದೂ ಮೊದಲನೆಯ ಕಥೆ. ದೇಶಾಂತರದಿಂದ ಬಂದ ಖ್ವಾಜಾ ಮಸೂದ್ ವಲಿ ಮತ್ತು ಶೇಖ್ ಶರೀಫುದ್ದೀನ್ ಎಂಬ ಇಬ್ಬರು ಸೂಫೀ ಸಂತರು ಕಾಯಿಲೆ ಬಿದ್ದಾಗ ಆ ಸೀಮೆಯ ನಾಯಕನೊಬ್ಬನು ಉಪಚರಿಸಿ ಬದುಕಿಸಿದನೆಂದೂ, ಅವರು ಅದಕ್ಕೆ ಪ್ರತಿಯಾಗಿ ಅದೇ ಗಡ್ಡೆಯನ್ನು ಕೊಟ್ಟುಹೋದರೆಂದೂ ಎರಡನೆಯ ಕಥೆ. ನಿಘಂಟುಕಾರನಾದ ಅಮರಸಿಂಹನ ಕಾಲಕ್ಕಾಗಲೇ ಈ ದ್ರವ್ಯಕ್ಕೆ ‘ಕಾಶ್ಮೀರಜನ್ಮ’ ಎಂಬ ಹೆಸರು ಸಂದಿದ್ದಿತಾದುದರಿಂದ, ಅವನಿಗಿಂತ ಶತಮಾನಗಳ ಅನಂತರ ಬಂದ ಸೂಫಿಗಳಿಗೆ ಈ ಗೌರವವನ್ನು ಇತಿಹಾಸ ಒಪ್ಪಿಸಲಾರದು. ನಾಗನ ಕಥೆಯನ್ನಂತೂ ಇತಿಹಾಸ ಪರೀಕ್ಷಿಸುವುದೇ ಇಲ್ಲ. ಆದರೂ ಎರಡು ಧರ್ಮಗಳ ನೆನಪಿನಿಂದ ಹುಟ್ಟಿದ ಈ ಎರಡು ಕಥೆಗಳೂ ಕೇಸರಿಯನ್ನು ಚಿಕಿತ್ಸೆಗೆ ಸಂದ ದಕ್ಷಿಣೆಯಾಗಿಯೇ ಭಾವಿಸಿರುವುದು ಗಮನಾರ್ಹವಾದ ಸಂಗತಿ.

ಹಾಗೆ ದಕ್ಷಿಣೆಯಾಗಿ ಬಂದ ವಸ್ತು ಸ್ವತಃ ಎಷ್ಟರಮಟ್ಟಿಗೆ ರೋಗಹರವೆಂಬುದು ಪ್ರಸ್ತುತ ಲೇಖನದ ವಿಚಾರ. ಆಯುರ್ವೇದ, ಯುನಾನಿ, ಪ್ರಾಚೀನ ಗ್ರೀಸಿನ ವೈದ್ಯ, ಮಧ್ಯಯುಗದ ಯೂರೋಪಿನ ಔಷಧಶಾಲೆ, ಇಂದಿನ ಪ್ರಯೋಗಾಲಯ, ನಮ್ಮ ಅಜ್ಜಿಯರ ಅಡುಗೆಮನೆ ಇವೆಲ್ಲ ಕೇಸರಿಗೆ ಹೊರಿಸಿರುವ ಗುಣಗಳನ್ನು ಒಂದೆಡೆ ಕೂಡಿಸಿದರೆ, ಮನುಷ್ಯದೇಹಕ್ಕೆ ಬರುವ ರೋಗಗಳಲ್ಲಿ ಉಳಿಯುವುವು ಕೆಲವೇ. ಹೀಗೆ ಎಲ್ಲಕ್ಕೂ ಮದ್ದಾದ ವಸ್ತುವನ್ನು ಕುರಿತು ವಿವೇಕಿಗೆ ಸಂದೇಹ ಹುಟ್ಟುವುದು ಸಹಜ. ಆದರೆ ಸಂದೇಹದಿಂದ ಒಮ್ಮೆಗೇ ತಿರಸ್ಕಾರಕ್ಕೆ ಹಾರುವುದೂ ವಿಚಾರಮಾರ್ಗವಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಯಾರ ಮಾತನ್ನಾದರೂ ತೂಗುವ ಮುಂಚೆ ಕೇಳಬೇಕಾದುವು ಎರಡು: ರೋಗಿಗೆ ಕೊಟ್ಟದ್ದು ನಿಜವಾಗಿ ಕೇಸರಿಯೇ, ಮತ್ತು ಕೊಟ್ಟದ್ದು ಎಷ್ಟು. ಕೇಸರಿಯ ಚರಿತ್ರೆಯಲ್ಲಿ ನಡೆದ ಬಹುಪಾಲು ವಿವಾದ, ಮೋಸ, ಭ್ರಾಂತಿಗಳು ಈ ಎರಡು ಪ್ರಶ್ನೆಗಳನ್ನು ಕೇಳದೆ ಬಿಟ್ಟುದರಿಂದ ಸಂಭವಿಸಿದವುಗಳು.

ಕೇಸರಿಯ ಗಿಡ ಅಂಗೈಯೆತ್ತರದ್ದು. ಹುಲ್ಲಿನಂಥ ಎಲೆ, ಬೆಳ್ಳುಳ್ಳಿಯ ಗಾತ್ರದ ಗಡ್ಡೆ. ಬೇಸಗೆಯೆಲ್ಲ ನೆಲದೊಳಗೆ ನಿದ್ರಿಸಿ, ಅಕ್ಟೋಬರ್ ಕೊನೆಯಲ್ಲಿ ಎರಡು ಮೂರು ವಾರಗಳ ಕಾಲ ಮಾತ್ರ ನಸುನೇರಿಳೆಯ ಹೂ ಬಿಡುತ್ತದೆ. ಅದಕ್ಕೆ ಬೀಜವೆಂಬುದಿಲ್ಲ. ಅದರ ಜೀವಕೋಶಗಳಲ್ಲಿ ವರ್ಣತಂತುಗಳು ಇಮ್ಮಡಿಯಾಗಿರುವುದಕ್ಕೆ ಬದಲು ಮುಮ್ಮಡಿಯಾಗಿರುವುದರಿಂದ, ಸಸ್ಯವು ಬಂಜೆಯಾಗಿ, ಮನುಷ್ಯನು ಗಡ್ಡೆಯನ್ನು ಅಗೆದು, ಬಿಡಿಸಿ, ಮತ್ತೆ ನೆಟ್ಟಲ್ಲದೆ ಸಂತತಿ ಮುಂದುವರಿಯದು. ಗ್ರೀಸಿನ ಅಥೆನ್ಸ್ ಸುತ್ತಲಿನ ಗುಡ್ಡಗಳಲ್ಲಿ ಇಂದಿಗೂ ಕಾಡುಹೂವಾಗಿ ಬೆಳೆಯುವ ಒಂದು ಜಾತಿಯೇ ಇದರ ಮೂಲವೆಂದು ಈಚಿನ ಆನುವಂಶಿಕ ಸಂಶೋಧನೆಗಳು ತೋರಿಸಿಕೊಟ್ಟಿವೆ. ಪ್ರತಿಯೊಂದು ಹೂವಿನ ನಡುವೆ ಮೂರು ಕೆಂಪು ಎಳೆಗಳು, ಅಂದರೆ ಶಲಾಕಾಗ್ರಗಳು. ಅವನ್ನು ಬಿಡಿಸಿ ಒಣಗಿಸಿದುದೇ ಕೇಸರಿ. ಸೂರ್ಯನ ಬಿಸಿಲೇರುವ ಮುನ್ನ ಹೂ ಕೊಯ್ದು ಬುಟ್ಟಿಗಳಲ್ಲಿ ಮನೆಗೆ ತಂದು, ಹೆಂಗಸರೂ ಮಕ್ಕಳೂ ರಾಶಿಯ ಸುತ್ತ ಕುಳಿತು, ಒಂದು ಕೈಯಲ್ಲಿ ಹೂವನ್ನು ಹಿಡಿದು ಇನ್ನೊಂದರ ಉಗುರಿನಿಂದ ಎಳೆಯನ್ನು ಚಿವುಟುತ್ತ ಹೋದರೆ, ಸುಮಾರು ನೂರೈವತ್ತು ಹೂವಿಗೆ ಒಂದು ಗ್ರಾಂ ಒಣ ಕೇಸರಿ ದೊರೆಯುವುದು. ಕೆಂಪು ತುದಿಯಷ್ಟನ್ನೇ ಬೇರ್ಪಡಿಸಿದುದಕ್ಕೆ ಕಾಶ್ಮೀರದವರು ಮೊಂಗ್ರಾ ಎನ್ನುತ್ತಾರೆ. ಬುಡದ ಹಳದಿ ಬಿಳುಪಿನ ದಂಟನ್ನೂ ಉಳಿಸಿಕೊಂಡದ್ದು ಲಚ್ಛಾ. ದಂಟಿನಲ್ಲಿ ತೂಕವುಂಟು, ಗುಣವಿಲ್ಲ. ಇಷ್ಟು ಶ್ರಮವನ್ನು ಬಲ್ಲವರಿಗೆ ಕೇಸರಿಯ ಬೆಲೆ ಆಶ್ಚರ್ಯವನ್ನುಂಟುಮಾಡದು; ಆ ಬೆಲೆಯೇ ಅದರ ಕೀರ್ತಿಯನ್ನು ಅದರ ಗುಣಕ್ಕಿಂತ ಎತ್ತರಕ್ಕೆ ಏರಿಸಿತೋ ಎಂಬ ಶಂಕೆಯನ್ನು ಮಾತ್ರ ಉಂಟುಮಾಡುವುದು.

ಔಷಧವಾಗಿ ಕೇಸರಿಯ ಅತ್ಯಂತ ಹಳೆಯ ಕುರುಹನ್ನು ಕೆಲವು ವಿದ್ವಾಂಸರು ಒಂದು ಭಿತ್ತಿಚಿತ್ರದಲ್ಲಿ ಕಂಡಿದ್ದಾರೆ. ಈಜಿಯನ್ ಸಮುದ್ರದ ಥೇರಾ ದ್ವೀಪದಲ್ಲಿ ಅಗ್ನಿಪರ್ವತದ ಬೂದಿಯೊಳಗೆ ಮೂರೂವರೆ ಸಾವಿರ ವರ್ಷಗಳಿಗೂ ಮೇಲ್ಪಟ್ಟು ಹುದುಗಿದ್ದ ಅಕ್ರೋತಿರಿ ಪಟ್ಟಣದ ಒಂದು ಮನೆಯ ಗೋಡೆಯ ಮೇಲೆ, ಕೇಸರಿಯ ಹೂ ಕೀಳುವ ತರುಣಿಯರೂ, ಅವರ ಸಮೀಪದಲ್ಲಿ ಕಾಲಿನಿಂದ ರಕ್ತ ಸೋರುತ್ತ ಕುಳಿತ ಒಬ್ಬ ಯುವತಿಯೂ ಚಿತ್ರಿತರಾಗಿದ್ದಾರೆ. ಅದು ಚಿಕಿತ್ಸೆಯ ದೃಶ್ಯವೋ ಯಾವುದೋ ವ್ರತದ ದೃಶ್ಯವೋ ಎಂಬಲ್ಲಿ ಭಿನ್ನಾಭಿಪ್ರಾಯವಿದೆ. ಸಂದಿಗ್ಧಕ್ಕೆ ಎಡೆಯಿಲ್ಲದ ಸಾಕ್ಷ್ಯ ಕ್ರಿಸ್ತಶಕ ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸನದು. ಅವನು ಕೇಸರಿಯನ್ನು ಕಣ್ಣಿನ ಸ್ರಾವಕ್ಕೂ ಮೂತ್ರಪ್ರವರ್ತನಕ್ಕೂ ವಿಧಿಸಿ, ಅದರಲ್ಲಿ ಯಾವ ಸೀಮೆಯದು ಉತ್ತಮ ಯಾವುದು ಕನಿಷ್ಠ ಎಂಬುದನ್ನು ವಿಂಗಡಿಸಿ, ಮೂರು ದ್ರಾಖ್ಮ ತೂಕವನ್ನು ನೀರಿನಲ್ಲಿ ಕುಡಿದರೆ ಪ್ರಾಣಾಂತಿಕವೆಂದು ಕೆಲವರು ಹೇಳುವರೆಂಬ ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ಅವನ ಸಮಕಾಲೀನನಾದ ಪ್ಲಿನಿಯು ಕೇಸರಿಯಷ್ಟು ಕಲಬೆರಕೆಗೆ ಒಳಗಾಗುವ ವಸ್ತು ಬೇರೊಂದಿಲ್ಲವೆಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದಾನೆ. ಶುದ್ಧಿ ಮತ್ತು ಪ್ರಮಾಣಗಳ ವಿಷಯವಾಗಿ ಮೇಲೆ ಹೇಳಿದ ಎರಡು ಪ್ರಶ್ನೆಗಳೂ ಎರಡು ಸಾವಿರ ವರ್ಷಗಳ ಹಿಂದೆಯೇ ಹೀಗೆ ಏಳಲಾರಂಭಿಸಿದ್ದವು.

ನಮ್ಮ ವೈದ್ಯಗ್ರಂಥಗಳಿಗೆ ಬಂದಾಗ ಕನ್ನಡಿಗನಾದ ಓದುಗನು ಒಂದು ಎಡವಟ್ಟನ್ನು ತಪ್ಪಿಸಿಕೊಳ್ಳಬೇಕು. ಸಂಸ್ಕೃತ ಗ್ರಂಥಗಳ ಕುಂಕುಮ ಕೇಸರಿಯೇ ಹೊರತು ಅರಿಸಿನದಿಂದ ಮಾಡಿ ನಾವು ಹಣೆಗಿಡುವ ಕುಂಕುಮವಲ್ಲ. ಹಾಗೆಯೇ ಗ್ರಂಧಿಗೆ ಅಂಗಡಿಯ ನಾಗಕೇಸರವು ಬೇರೊಂದು ಮರದ ಹೂವಿಗೆ ಸೇರಿದ್ದು. ಇದನ್ನರಿಯದೆ ಒಂದರ ಬದಲು ಇನ್ನೊಂದನ್ನು ಯೋಗಕ್ಕೆ ಹಾಕಿಕೊಂಡವರಿಗೆ ಫಲ ದೊರೆಯದಿದ್ದರೆ ತಪ್ಪು ಗ್ರಂಥಕಾರನದಲ್ಲ.

ವಾಗ್ಭಟನ ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ಹೇಮಂತದ ಚಳಿಗೆ ಕಸ್ತೂರಿಯೊಡನೆ ಕೇಸರಿಯನ್ನು ಮೈಗೆ ಲೇಪಿಸಿಕೊಂಡು ಅಗರುವಿನ ಧೂಪವನ್ನು ಹಿಡಿಯಬೇಕೆಂಬ ವಿಧಿಯಿದೆ. ಅದೇ ಗ್ರಂಥದ ಉತ್ತರಸ್ಥಾನದಲ್ಲಿ, ಕ್ಷುದ್ರರೋಗಗಳ ಪ್ರಕರಣದಲ್ಲಿ, ಮುಖದ ಮೇಲೆ ಮೂಡುವ ವ್ಯಂಗವೆಂಬ ಕಪ್ಪು ಕಲೆಗೆ ಕೇಸರಿ, ಚಂದನ, ಲಾವಂಚ, ಮಂಜಿಷ್ಠ, ಯಷ್ಟಿಮಧು, ಅರಗು ಮೊದಲಾದುವನ್ನು ಆಡಿನ ಹಾಲು ಮತ್ತು ಎಳ್ಳೆಣ್ಣೆಯೊಡನೆ ಪಾಕಮಾಡಿದ ತೈಲ ಹೇಳಲ್ಪಟ್ಟಿದೆ. ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ದೊರೆಯುವ ಕುಂಕುಮಾದಿ ತೈಲದ ಮೂಲ ಇದೇ. ಹದಿನಾರನೆಯ ಶತಮಾನದ ಭಾವಮಿಶ್ರನು ಇದರ ಗುಣಗಳನ್ನು ಸಂಗ್ರಹಿಸಿ, ಇದು ಕಟು ಮತ್ತು ತಿಕ್ತ ರಸವುಳ್ಳದ್ದು, ಸ್ನಿಗ್ಧ, ತ್ರಿದೋಷಗಳನ್ನು ಶಮನಗೊಳಿಸತಕ್ಕದ್ದು, ಶಿರೋರೋಗ, ವ್ರಣ, ಕ್ರಿಮಿ, ವಾಂತಿ, ವ್ಯಂಗಗಳನ್ನು ಹೋಗಲಾಡಿಸುವಂಥದ್ದು, ವರ್ಣಕಾರಕವಾದದ್ದು ಎಂದಿದ್ದಾನೆ. ಈ ಗುಣವರ್ಣನೆಗಿಂತಲೂ ಅವನು ಮಾಡಿರುವ ವಿಂಗಡಣೆ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಕಾಶ್ಮೀರದ ಹೊಲಗಳಲ್ಲಿ ಹುಟ್ಟಿದ, ಸೂಕ್ಷ್ಮವಾದ ಎಳೆಯುಳ್ಳ, ಕೆಂಪಗಿರುವ, ಕಮಲದ ಪರಿಮಳದ ಕೇಸರಿ ಉತ್ತಮ. ಬಾಹ್ಲೀಕದೇಶದ, ಬಿಳಿಚಿದ ಬಣ್ಣದ, ಕೇದಗೆಯ ಗಂಧದ್ದು ಮಧ್ಯಮ. ಪಾರಸೀಕದ, ದಪ್ಪ ಎಳೆಯ, ಜೇನಿನ ವಾಸನೆಯದು ಅಧಮ ಎಂದು ಅವನ ನಿರ್ಣಯ. ಇಂದು ಜಗತ್ತಿನ ಕೇಸರಿಯ ಬಹುಪಾಲನ್ನು, ಸುಮಾರು ಹತ್ತರಲ್ಲಿ ಒಂಬತ್ತು ಭಾಗವನ್ನು, ಅದೇ ಪಾರಸೀಕದೇಶವಾದ ಇರಾನ್ ಬೆಳೆಯುತ್ತಿರುವಾಗ, ಮತ್ತು ಅಲ್ಲಿನ ಉತ್ತಮ ವರ್ಗದ ಸರಕು ಯಾರಿಗೂ ಕಡಮೆಯಿಲ್ಲದಿರುವಾಗ, ಭಾವಮಿಶ್ರನ ತಾರತಮ್ಯದ ಅಕ್ಷರಶಃ ಅನುಸರಣೆ ನ್ಯಾಯವಾಗಲಾರದು. ಆದರೆ ಔಷಧವನ್ನು ವಿಧಿಸುವ ಮೊದಲು ಅದರ ಬಣ್ಣ, ಎಳೆ, ಗಂಧಗಳನ್ನು ಪರೀಕ್ಷಿಸಬೇಕೆಂಬ ಅವನ ಶಿಸ್ತು ಇಂದಿಗೂ ಅನುಕರಣೀಯ.

ಸಂಪ್ರದಾಯದ ಯೋಗಗಳಲ್ಲಿ ಇನ್ನೊಂದನ್ನು ವಿಶೇಷವಾಗಿ ಹೇಳಬೇಕು. ಅರ್ಧಾವಭೇದಕ, ಅಂದರೆ ಅರೆತಲೆನೋವಿಗೆ, ತುಪ್ಪದಲ್ಲಿ ಹುರಿದ ಕೇಸರಿಗೆ ಸಕ್ಕರೆ ಬೆರಸಿ ಮೂಗಿಗೆ ನಸ್ಯವಾಗಿ ಬಿಡುವ ಪದ್ಧತಿ ವೈದ್ಯರಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಹುಬ್ಬು, ಕಣತಲೆ, ಕಿವಿ, ಕಣ್ಣು ಇವುಗಳ ಸುತ್ತ ಏಳುವ ನೋವಿಗೆ ಇದನ್ನು ಹೇಳಿರುವ ಖಚಿತತೆಯನ್ನು ನೋಡಿದರೆ, ಯಾರೋ ರೋಗಿಯ ಬಳಿ ಕುಳಿತು ನೋವಿನ ಸ್ಥಾನವನ್ನು ಬೆರಳಿಟ್ಟು ಕೇಳಿ ಬರೆದುಕೊಂಡಂತಿದೆ. ಸರ್ವರೋಗಹರವೆಂಬ ಹೊಗಳಿಕೆಗೂ ಇಂಥ ನಿಷ್ಕೃಷ್ಟವಾದ ಉಕ್ತಿಗೂ ನಡುವಣ ಅಂತರವನ್ನು ಗುರುತಿಸದೆ ಪ್ರಾಚೀನರನ್ನು ಓದಿದರೆ ಅವರಿಗೆ ಅನ್ಯಾಯ ಮಾಡಿದಂತಾಗುವುದು.

ಕರ್ಣಾಟಕವು ಕೇಸರಿ ಬೆಳೆಯುವ ನೆಲವಲ್ಲದಿದ್ದರೂ, ಅದರ ಸಂಬಂಧ ಇಲ್ಲಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಂದು ವಿದ್ಯಾಪತಿಯಾದ ಬಿಲ್ಹಣ, ಪಾಂಪೋರಿಗೆ ಸಮೀಪದ ಖೋನಮುಖ ಗ್ರಾಮದವನು. ವಿಕ್ರಮಾಂಕದೇವಚರಿತವನ್ನು ನಮ್ಮ ನಾಡಿನ ಅರಸನಿಗಾಗಿ ಬರೆಯುವಾಗಲೂ ತನ್ನ ತೌರಿನ ಕೇಸರಿಯನ್ನೂ ದ್ರಾಕ್ಷಿಯನ್ನೂ ಅವನು ಮರೆತವನಲ್ಲ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಋತುಗಳಿಗೆ ತಕ್ಕ ವಿಲೇಪನಗಳನ್ನು ಕುರಿತೇ ಒಂದು ಪ್ರಕರಣವಿದೆ. ಅರಮನೆಯ ವಿಲೇಪನದಿಂದ ಸಾಮಾನ್ಯರ ಮನೆಗೆ ಇಳಿಯುವಾಗ ಕೇಸರಿಯ ಅಳತೆ ಚಿಟಿಕೆಗೂ ಕಡಮೆಯಾಯಿತು: ಹಬ್ಬದ ಪಾಯಸಕ್ಕೆ ನಾಲ್ಕು ದಳ, ಶೀತವಾದ ಮಗುವಿಗೆ ಹಾಲಿನಲ್ಲಿ ಸಾಣೆಕಲ್ಲಿನ ಮೇಲೆ ತೇಯ್ದು ನಾಲಿಗೆಗೆ ಸವರುವ ಒಂದು ದಳ, ತಲೆನೋವಿಗೆ ಹಣೆಗೆ ಹಚ್ಚುವ ತೆಳುವಾದ ಪಟ್ಟು. ಬಡತನ ಕಲಿಸಿದ ಈ ಮಿತವ್ಯಯವೇ ಔಷಧಶಾಸ್ತ್ರದ ದೃಷ್ಟಿಯಿಂದ ಒಳ್ಳೆಯ ಮಾತ್ರೆಯಾಗಿ ಪರಿಣಮಿಸಿತೆಂಬುದನ್ನು ಮುಂದೆ ನೋಡೋಣ.

ಯುನಾನೀ ವೈದ್ಯರು ಜಾಫ್ರಾನ್ ಎಂದು ಕರೆಯುವ ಕೇಸರಿಯನ್ನು ಹೃದಯಕ್ಕೆ ಬಲ ಕೊಡುವ, ಚಿತ್ತಕ್ಕೆ ಉಲ್ಲಾಸವನ್ನುಂಟುಮಾಡುವ ದ್ರವ್ಯಗಳ ವರ್ಗಕ್ಕೆ ಸೇರಿಸಿದ್ದಾರೆ. ಇಬ್ನ್ ಸೀನಾ ತನ್ನ ಮಹಾಗ್ರಂಥದಲ್ಲಿಯೂ, ಹೃದಯದ ಔಷಧಗಳಿಗೆಂದೇ ಬರೆದ ಪ್ರತ್ಯೇಕ ಗ್ರಂಥದಲ್ಲಿಯೂ ಅದನ್ನು ಪರಿಗಣಿಸಿದ್ದಾನೆ. ಆ ಸಂಪ್ರದಾಯದ ಇನ್ನೊಂದು ದೊಡ್ಡ ಗ್ರಂಥವಾದ ಜಖೀರಾ-ಇ-ಖ್ವಾರಿಜ್ಮ್‌ಶಾಹಿಯಲ್ಲಿ ಈ ಉಲ್ಲಾಸದ ಮಾತು ಅತಿಶಯೋಕ್ತಿಯ ತುದಿಯನ್ನು ಮುಟ್ಟಿ, ಕೇಸರಿಯನ್ನು ಹೆಚ್ಚಾಗಿ ತಿಂದವನು ನಕ್ಕು ನಕ್ಕು ಸಾಯುವ ಅಪಾಯವುಂಟೆಂಬ ಹೇಳಿಕೆಯಾಯಿತು. ಕಾಶ್ಮೀರವನ್ನು ಪ್ರಾಣದಂತೆ ಪ್ರೀತಿಸಿದ ಜಹಾಂಗೀರ್ ಬಾದಶಹನು ಈ ಮಾತನ್ನು ಓದಿ ಸುಮ್ಮನಿರಲಿಲ್ಲ. ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಬಂದಿಯನ್ನು ಸೆರೆಮನೆಯಿಂದ ಕರೆಯಿಸಿ, ತನ್ನೆದುರಿನಲ್ಲಿಯೇ ಅವನಿಗೆ ಕಾಲು ಸೇರು, ಎಂದರೆ ನಲವತ್ತು ಮಿಸ್ಕಾಲು ಕೇಸರಿಯನ್ನು ತಿನ್ನಿಸಿದನು, ಏನೂ ಆಗಲಿಲ್ಲ. ಮರುದಿನ ಅದರ ಇಮ್ಮಡಿಯನ್ನು ತಿನ್ನಿಸಿದನು. ಸಾಯುವ ಮಾತಿರಲಿ, ಅವನ ತುಟಿಗಳಲ್ಲಿ ಕಿರುನಗೆಯೂ ಸುಳಿಯಲಿಲ್ಲವೆಂದು ಬಾದಶಹನೇ ತನ್ನ ಆತ್ಮವೃತ್ತಾಂತದಲ್ಲಿ ಬರೆದಿದ್ದಾನೆ. ಪಾಂಪೋರಿನ ಹೊಲಗಳಲ್ಲಿ ಹೂವಿನ ಗಂಧದಿಂದ ತನಗೆ ತಲೆನೋವು ಬಂದುದನ್ನೂ, ಹೂ ಕೀಳುತ್ತಿದ್ದ ಕಾಶ್ಮೀರಿಗಳನ್ನು ಕೇಳಿದಾಗ ಅಂಥ ತಲೆನೋವಿನ ಅನುಭವವೇ ತಮಗಿಲ್ಲವೆಂದು ಅವರು ಹೇಳಿದುದನ್ನೂ ಅವನು ದಾಖಲಿಸಿದ್ದಾನೆ.

ಸಾವಿನ ಮುಂದೆ ನಿಂತ ಅಸಹಾಯನ ದೇಹದ ಮೇಲೆ ನಡೆದ ಈ ಪರೀಕ್ಷೆಯನ್ನು ಓದುವಾಗ ಮನಸ್ಸು ನೋಯುತ್ತದೆ. ಬಾದಶಹನ ಕುತೂಹಲಕ್ಕಿಂತ ಆ ಬಂದಿಯ ಮೌನವೇ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು. ಆದರೂ ಗ್ರಂಥವಾಕ್ಯವನ್ನು ಪ್ರತ್ಯಕ್ಷಕ್ಕೆ ಒಡ್ಡಬೇಕೆಂಬ ಬುದ್ಧಿ ಅದರ ಹಿಂದೆ ಇದ್ದುದನ್ನು ಅಲ್ಲಗಳೆಯಲಾಗದು. ಆ ಪರೀಕ್ಷೆ ಇನ್ನೊಂದು ಸಮಸ್ಯೆಯನ್ನೂ ಉಳಿಸಿದೆ. ಒಂದು ಮಿಸ್ಕಾಲು ನಾಲ್ಕೂವರೆ ಗ್ರಾಂಗಳಿಗೆ ಹತ್ತಿರ. ಇಂದಿನ ವಿಷವೈದ್ಯದ ಗ್ರಂಥಗಳು 5 ಗ್ರಾಂ ಮೀರಿದ ಕೇಸರಿಯನ್ನು ಅಪಾಯಕರವೆಂದೂ, 12ರಿಂದ 20 ಗ್ರಾಂಗಳನ್ನು ಪ್ರಾಣಾಂತಿಕವೆಂದೂ ಹೇಳುತ್ತವೆ. ಡಯಾಸ್ಕೊರಿಡಿಸನು ಕೇಳಿ ಬರೆದ ಮೂರು ದ್ರಾಖ್ಮಗಳೂ ಹೆಚ್ಚುಕಡಮೆ ಅದೇ ಮೇರೆಯವು. ಹಾಗಿರಲು ಅದರ ಹತ್ತಾರು ಪಾಲನ್ನು ತಿಂದ ಮನುಷ್ಯ ಬದುಕಿದ್ದು ಹೇಗೆ? ಅಳತೆಯ ಬರಹದಲ್ಲಿ ತಪ್ಪಿರಬಹುದು, ಬಂದಿಗೆ ತಿನ್ನಿಸಿದ ಸರಕು ಕಲಬೆರಕೆಯದಾಗಿರಬಹುದು, ಅಥವಾ ವಿಷಪ್ರಮಾಣದ ಪಾಠವೇ ಗ್ರಂಥದಿಂದ ಗ್ರಂಥಕ್ಕೆ ಪರೀಕ್ಷೆಯಿಲ್ಲದೆ ಇಳಿದು ಬಂದಿರಬಹುದು. ಇವುಗಳಲ್ಲಿ ಎರಡನೆಯದೇ ಸಂಭಾವ್ಯವೆಂದು ನನ್ನ ಊಹೆ.

ಯೂರೋಪಿನ ವೃತ್ತಾಂತವನ್ನು ಸಂಕ್ಷೇಪವಾಗಿ ಮುಗಿಸಬಹುದು. ಅಲ್ಲಿ ಕೇಸರಿ ಪ್ಲೇಗಿಗೆ ಮದ್ದಾಯಿತು. ಹಳದಿಯ ಬಣ್ಣವುಳ್ಳದ್ದು ಹಳದಿಯ ರೋಗವನ್ನು ಕಳೆಯುವುದೆಂಬ ಸಾದೃಶ್ಯನ್ಯಾಯದಿಂದ ಕಾಮಾಲೆಗೂ ಮದ್ದಾಯಿತು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಪ್ರಸಿದ್ಧ ವೈದ್ಯ ಸಿಡನ್‌ಹ್ಯಾಮನ ಅಫೀಮಿನ ದ್ರಾವಣದಲ್ಲಿ ಲವಂಗ ದಾಲ್ಚಿನ್ನಿಗಳೊಡನೆ ಇದೂ ಬೆರೆತಿತ್ತು. ಆದರೆ ಅಲ್ಲಿ ನೋವನ್ನು ಕಳೆದದ್ದು ಅಫೀಮು. 1671ರಲ್ಲಿ ಹೆರ್ಟೋಟ್ ಎಂಬ ವೈದ್ಯನು ಕೇಸರಿಯೊಂದನ್ನೇ ಕುರಿತು ಲ್ಯಾಟಿನ್ನಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಹಲ್ಲುನೋವಿನಿಂದ ಮಹಾಮಾರಿಯವರೆಗೆ ಎಲ್ಲಕ್ಕೂ ಅದನ್ನೇ ಹೇಳಿದನು. ಈ ಉತ್ಸಾಹದ ಇನ್ನೊಂದು ಮುಖವನ್ನು ಜರ್ಮನಿಯ ನ್ಯೂರೆಂಬರ್ಗ್ ನಗರ ಕಂಡಿತು: ಕೇಸರಿಯನ್ನು ಕಲಬೆರಕೆ ಮಾಡಿದ ಅಪರಾಧಕ್ಕಾಗಿ ಅಲ್ಲಿ 1444ರಲ್ಲಿ ವರ್ತಕನೊಬ್ಬನನ್ನು ಅವನ ಸರಕಿನೊಡನೆಯೇ ಸುಟ್ಟುಹಾಕಿದರು.

ಇನ್ನು ನಮ್ಮ ಕಾಲಕ್ಕೆ ಬರೋಣ. ಕೇಸರಿಯ ಬಣ್ಣಕ್ಕೆ ಕ್ರೋಸಿನ್, ಕಹಿಗೆ ಪಿಕ್ರೋಕ್ರೋಸಿನ್, ಪರಿಮಳಕ್ಕೆ ಸಫ್ರನಾಲ್ ಎಂಬ ಮೂರು ದ್ರವ್ಯಗಳು ಕಾರಣವೆಂದು ರಸಾಯನಶಾಸ್ತ್ರ ಗುರುತಿಸಿದೆ. ಇವುಗಳಲ್ಲಿ ಪರಿಮಳದ ದ್ರವ್ಯ ಹಸಿ ಹೂವಿನಲ್ಲಿ ಬಹಳವಾಗಿ ಇರುವುದಿಲ್ಲ. ಎಳೆಯನ್ನು ಒಣಗಿಸುವಾಗ ಕಹಿಯ ಅಂಶವೇ ಒಡೆದು ಪರಿಮಳವಾಗಿ ಮಾರ್ಪಡುವುದರಿಂದ, ಒಣಗಿಸುವವನ ಹದಗಾರಿಕೆಯೂ ಔಷಧದ ಒಂದು ಭಾಗವಾಗುವುದು. ಔಷಧಪ್ರಯೋಗದ ವಿಷಯದಲ್ಲಿ ಹೆಚ್ಚು ದುಡಿದವರು ಸಹಜವಾಗಿ ಇರಾನಿನವರು. ಟೆಹರಾನಿನ ವೈದ್ಯವಿಶ್ವವಿದ್ಯಾನಿಲಯದ ಆಖುಂದ್‌ಜಾದೆ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸಾಧಾರಣ ಖಿನ್ನತೆಯಿಂದ ಬಳಲುತ್ತಿದ್ದ ಮೂವತ್ತು ಮಂದಿಯಲ್ಲಿ ಅರ್ಧ ಜನಕ್ಕೆ ದಿನವೊಂದಕ್ಕೆ 30 ಮಿಲಿಗ್ರಾಂ ಕೇಸರಿಯನ್ನೂ, ಉಳಿದವರಿಗೆ ಇಮಿಪ್ರಮಿನ್ ಎಂಬ ಪ್ರಚಲಿತ ಔಷಧವನ್ನೂ ಆರು ವಾರ ಕೊಟ್ಟರು. ಯಾರಿಗೆ ಯಾವುದು ಕೊಡಲ್ಪಟ್ಟಿದೆಯೆಂಬುದು ರೋಗಿಗಾಗಲಿ ಪರೀಕ್ಷಕನಿಗಾಗಲಿ ತಿಳಿಯದಂತೆ ನಡೆದ ಆ ಪರೀಕ್ಷೆಯಲ್ಲಿ ಎರಡು ಗುಂಪುಗಳೂ ಸರಿಸುಮಾರು ಸಮಾನವಾಗಿ ಚೇತರಿಸಿಕೊಂಡವು. ಮರುವರ್ಷ ಔಷಧಾಂಶವಿಲ್ಲದ ಹುಸಿಗುಳಿಗೆಯೊಡನೆ ಹೋಲಿಸಿದಾಗಲೂ ಕೇಸರಿಯೇ ಮೇಲಾಯಿತು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹೆಂಗಸರು ಅನುಭವಿಸುವ ಮೈಮನಸ್ಸುಗಳ ಬೇಗೆಗೂ ಅದೇ ಪ್ರಮಾಣದಿಂದ ಉಪಶಮನ ದೊರೆತುದನ್ನು 2008ರ ಇನ್ನೊಂದು ಪರೀಕ್ಷೆ ವರದಿಮಾಡಿತು.

ಹಕೀಮರು ಸಾವಿರ ವರ್ಷಗಳಿಂದ ಚಿತ್ತೋಲ್ಲಾಸವೆಂದು ಹೇಳಿಕೊಂಡು ಬಂದ ಮಾತಿಗೆ ಇದು ಒಂದು ಬಗೆಯ ಸಮರ್ಥನೆ ಎಂದು ಒಪ್ಪಲು ನನಗೆ ಸಂಕೋಚವಿಲ್ಲ. ಆದರೆ ಆ ಸಮರ್ಥನೆಯ ಮೇರೆಯನ್ನೂ ಹೇಳಬೇಕು. ಈ ಪರೀಕ್ಷೆಗಳಲ್ಲಿ ಬಹುಪಾಲು ಒಂದೇ ದೇಶದಲ್ಲಿ, ಕೆಲವೇ ಹತ್ತು ಜನರ ಮೇಲೆ, ಕೆಲವೇ ವಾರಗಳ ಮಟ್ಟಿಗೆ ನಡೆದುವು. ಖಿನ್ನತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನುಷ್ಯನನ್ನು ಕಾಡುವ ವ್ಯಾಧಿ. ತೀವ್ರವಾದ ಖಿನ್ನತೆಯಲ್ಲಿ ಪ್ರಾಣಹಾನಿಯ ಭಯವೂ ಉಂಟು. ಅಂಥ ರೋಗಿಯ ಕೈಯಿಂದ ವೈದ್ಯರ ಔಷಧವನ್ನು ಬಿಡಿಸಿ ಕೇಸರಿಹಾಲನ್ನು ಕೊಡುವವರು ಉಪಕಾರ ಮಾಡಿದವರಲ್ಲ.

ಈ ಪರೀಕ್ಷೆಗಳಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಪ್ರಮಾಣದ್ದು. ಪರೀಕ್ಷಕರು ಉಪಯೋಗಿಸಿದುದು ಸಾರವಾದುದರಿಂದ ನೇರವಾದ ಹೋಲಿಕೆ ಸಲ್ಲದಾದರೂ, ಒಣ ಎಳೆಯ ತೂಕದಲ್ಲಿ 30 ಮಿಲಿಗ್ರಾಂ ಎಂದರೆ ನಾಲ್ಕೈದು ಹೂವಿನಿಂದ ಬಂದ ಹದಿಮೂರು ಹದಿನಾಲ್ಕು ದಳಗಳಷ್ಟೆ. ಅಜ್ಜಿಯ ಸಾಣೆಕಲ್ಲು ಮತ್ತು ಟೆಹರಾನಿನ ಆಸ್ಪತ್ರೆ ಒಂದನ್ನೊಂದು ಅರಿಯದೆಯೇ ಹತ್ತಿರದ ಲೆಕ್ಕಕ್ಕೆ ಬಂದಿವೆ. ಕೇಸರಿಯಲ್ಲಿ ಗುಣವಿದ್ದರೆ ಅದು ಅಲ್ಪಮಾತ್ರೆಯಲ್ಲಿಯೇ ಇದೆ. ಹೆಚ್ಚಿಗೆ ಹಾಕುವುದು ಹಣದ ನಷ್ಟ, ಮಿತಿಮೀರಿದರೆ ಆರೋಗ್ಯದ ನಷ್ಟ.

ಕಣ್ಣಿನ ವಿಷಯದಲ್ಲಿ ದೊರೆತಿರುವ ಫಲ ಇನ್ನೂ ಕುತೂಹಲಕರವಾದದ್ದು. ಮುಪ್ಪಿನಲ್ಲಿ ಅಕ್ಷಿಪಟಲದ ನಡುಭಾಗ ಸವೆದು, ಎದುರಿಗಿದ್ದವರ ಮುಖವೇ ಮಸುಕಾಗುವ ವ್ಯಾಧಿಯ ಪ್ರಾರಂಭದೆಸೆಯಲ್ಲಿದ್ದ ಇಪ್ಪತ್ತೈದು ಮಂದಿಗೆ ಇಟಲಿಯ ಸಂಶೋಧಕರು ದಿನಕ್ಕೆ 20 ಮಿಲಿಗ್ರಾಂನಂತೆ ಮೂರು ತಿಂಗಳು ಕೇಸರಿಯನ್ನು ಕೊಟ್ಟು, ಬೆಳಕಿಗೆ ಅಕ್ಷಿಪಟಲ ತೋರುವ ಸ್ಪಂದನ ಚುರುಕಾದುದನ್ನು ಉಪಕರಣಗಳಿಂದ ಅಳೆದು 2010ರಲ್ಲಿ ಪ್ರಕಟಿಸಿದರು. ಡಯಾಸ್ಕೊರಿಡಿಸನ ಕಣ್ಣಿನ ಮದ್ದು, ಪದ್ಮಪುರದ ವೈದ್ಯನಲ್ಲಿಗೆ ಬಂದ ನಾಗನ ನೇತ್ರರೋಗ, ಇಟಲಿಯ ಈ ಪರೀಕ್ಷೆ ಮೂರನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಆಸೆ ಯಾರಿಗಾದರೂ ಹುಟ್ಟೀತು. ಅದನ್ನು ತಡೆಯುವುದು ಲೇಸು. ಪ್ರಾಚೀನರು ಹೇಳಿದ್ದು ಕಣ್ಣಿನ ಸ್ರಾವವನ್ನು, ಲೇಪವಾಗಿ. ಇವರು ಅಳೆದದ್ದು ಒಳಪಟಲದ ಸವೆತವನ್ನು, ಹೊಟ್ಟೆಗೆ ಕೊಟ್ಟು. ಆದರೂ ಹಳೆಯ ಮಾತು ಹೊಸ ಶೋಧಕ್ಕೆ ದಿಕ್ಕು ತೋರಿಸಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ ನಮ್ಮ ಮನೆಗಳಲ್ಲಿ ಅತ್ಯಂತ ವ್ಯಾಪಕವಾಗಿರುವ ನಂಬಿಕೆಯನ್ನು ಕುರಿತು ಸುಮ್ಮನಿರಲಾಗದು. ಬಸುರಿ ಹೆಂಗಸು ದಿನವೂ ಕೇಸರಿಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುವುದೆಂಬ ಮಾತನ್ನು ವಿದ್ಯಾವಂತರೂ ಆಡುತ್ತಾರೆ. ಅತ್ತೆಯರು ಆಸೆಯಿಂದ ಡಬ್ಬಿಯನ್ನು ತರಿಸುತ್ತಾರೆ, ಸೀಮಂತದ ಉಡುಗೊರೆಗಳ ನಡುವೆ ಅದು ತಪ್ಪದೆ ಕಾಣಿಸಿಕೊಳ್ಳುತ್ತದೆ. ಶಿಶುವಿನ ಮೈಬಣ್ಣ ತಾಯಿತಂದೆಗಳಿಂದ ಬಂದ ವಂಶವಾಹಿಗಳಿಂದ ನಿರ್ಣೀತವಾಗುವಂಥದ್ದು. ಗರ್ಭಿಣಿ ಕುಡಿದ ಯಾವ ಹಾಲೂ ಅದನ್ನು ಬದಲಿಸಲಾರದು. ವರ್ಣಕಾರಕವೆಂದು ಶಾಸ್ತ್ರ ಹೇಳಿದುದು ಮುಖದ ಕಲೆಯ ಮೇಲೆ ಹಚ್ಚುವ ಲೇಪದ ಸಂದರ್ಭದಲ್ಲಿ. ಅದನ್ನು ಹುಟ್ಟಲಿರುವ ಕೂಸಿನ ಬಣ್ಣಕ್ಕೆ ಎಳೆದು ತಂದುದು ನಮ್ಮ ಸಮಾಜದ ಬಿಳಿಬಣ್ಣದ ಹಂಬಲ. ಆ ಹಂಬಲದಿಂದ ಕಪ್ಪು ಮಗುವನ್ನು ಹೆತ್ತ ತಾಯಿಯ ಮನಸ್ಸಿಗೆ ಆಗುವ ಗಾಯಕ್ಕೆ ಯಾವ ನಿಘಂಟಿನಲ್ಲಿಯೂ ಮದ್ದಿಲ್ಲ. ಮತ್ತೂ ಒಂದು ಮಾತುಂಟು. ಮುಟ್ಟನ್ನು ಇಳಿಸುವ, ಗರ್ಭಾಶಯವನ್ನು ಸಂಕೋಚಗೊಳಿಸುವ ಗುಣವನ್ನು ಕೇಸರಿಗೆ ಹಲವು ವೈದ್ಯಪದ್ಧತಿಗಳು ಹೇಳಿರುವುದರಿಂದ, ಪಾಯಸದ ನಾಲ್ಕು ದಳ ದೋಷವಲ್ಲದಿದ್ದರೂ, ಹೆಚ್ಚು ಕುಡಿದಷ್ಟು ಬಿಳುಪು ಹೆಚ್ಚೆಂದು ಚಮಚೆಗಟ್ಟಲೆ ಬೆರಸುವುದು ಗರ್ಭಿಣಿಗೆ ನಿಶ್ಚಯವಾಗಿಯೂ ತಕ್ಕದ್ದಲ್ಲ.

ಇನ್ನು ಶುದ್ಧಿಯ ಪ್ರಶ್ನೆ. ಕೇಸರಿಯ ಹೆಸರಿನಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಕುಸುಬೆಯ ಎಸಳು, ಬಣ್ಣ ಕಟ್ಟಿದ ಮುಸುಕಿನಜೋಳದ ರೇಷ್ಮೆ, ಕೆಂಪು ಬಳಿದ ಬಿಳಿಯ ದಂಟು ಮೊದಲಾದುವು ಸೇರಿವೆ. ಬಯಲುಸೀಮೆಯ ಎರೆಭೂಮಿಯಲ್ಲಿ ಎಣ್ಣೆಗಾಗಿ ಬೆಳೆಯುವ ನಮ್ಮ ಕುಸುಬೆ ತನ್ನಷ್ಟಕ್ಕೆ ಗೌರವಯುಕ್ತವಾದ ಬೆಳೆ. ಅದರ ಹೂವನ್ನು ಕೇಸರಿಯ ಬೆಲೆಗೆ ಮಾರಿದಾಗ ಅದು ಮೋಸ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಸುಲಭವಾಗಿದೆ. ಬಿಳಿಯ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಒಂದು ಎಳೆಯನ್ನು ಬಿಟ್ಟು ನೋಡಿದರೆ, ನಿಜವಾದ ಕೇಸರಿಯಿಂದ ಹೊಂಬಣ್ಣ ನಿಧಾನವಾಗಿ, ಹತ್ತು ಹದಿನೈದು ನಿಮಿಷಗಳಲ್ಲಿ ಸುತ್ತಲೂ ಹರಡುವುದು. ಎಳೆ ಬಹಳ ಹೊತ್ತಿನವರೆಗೆ ಕೆಂಪಾಗಿಯೇ ಉಳಿದು, ನೆನೆದಂತೆಲ್ಲ ಅದರ ಒಂದು ತುದಿ ಕಹಳೆಯ ಬಾಯಿಯಂತೆ ಅರಳುವುದು. ಹಾಕಿದೊಡನೆ ನೀರು ಕೆಂಪಾಗಿ ಎಳೆ ಬಿಳಿಚಿಕೊಂಡರೆ ಅದು ಬಣ್ಣದ ಸರಕು. ನಾಲಿಗೆಗೆ ನಿಜವಾದದ್ದು ಕಹಿ, ಮೂಗಿಗೆ ಜೇನಿನ ಮತ್ತು ಒಣಹುಲ್ಲಿನ ವಾಸನೆ. ಸಿಹಿಯೆನಿಸಿದರೆ ತೂಕಕ್ಕಾಗಿ ಸಕ್ಕರೆನೀರು ಹಿಡಿದಿದೆಯೆಂದು ತಿಳಿಯಬೇಕು. ಪುಡಿಯನ್ನು ಕೊಳ್ಳಲೇಬಾರದು. ಪ್ರಯೋಗಾಲಯಗಳಲ್ಲಿ ಬಣ್ಣ, ಕಹಿ, ಪರಿಮಳ ಮೂರನ್ನೂ ಬೆಳಕಿನ ಹೀರಿಕೆಯಿಂದ ಅಳೆದು ದರ್ಜೆ ನಿರ್ಧರಿಸುವ ಅಂತರರಾಷ್ಟ್ರೀಯ ಮಾನಕವಿದೆ. ಕಾಶ್ಮೀರದ ಕೇಸರಿಗೆ 2020ರಲ್ಲಿ ಭೌಗೋಳಿಕ ಗುರುತು ದೊರೆತ ಮೇಲೆ ಮೂಲವನ್ನು ಕಂಡುಹಿಡಿಯುವ ಅನುಕೂಲವೂ ಹೆಚ್ಚಿದೆ. ಕಾಶ್ಮೀರದ ಹುಲ್ಲುಗಾವಲಿನಲ್ಲಿಯೇ ಬೆಳೆಯುವ, ನೋಟಕ್ಕೆ ಸೋದರಿಯಂತಿರುವ ಸುರಂಜಾನ್ ಎಂಬ ಗಡ್ಡೆ ಉಗ್ರವಾದ ವಿಷವುಳ್ಳದ್ದೆಂಬುದನ್ನೂ, ಗಡ್ಡೆ ತರಿಸಿ ಹಿತ್ತಿಲಲ್ಲಿ ಬೆಳೆಯುವ ಹವ್ಯಾಸಿಗಳು ನೆನಪಿನಲ್ಲಿಡಬೇಕು.

ಬಳಸುವವರು ದಿನಕ್ಕೆ ಐದಾರರಿಂದ ಹನ್ನೆರಡು ದಳಗಳನ್ನು ಮೀರದೆ, ಬಿಸಿ ಹಾಲಿನಲ್ಲೋ ನೀರಿನಲ್ಲೋ ಕಾಲು ಗಂಟೆಯಾದರೂ ನೆನೆಯಿಸಿ ತೆಗೆದುಕೊಳ್ಳುವುದು ಯುಕ್ತ. ಕುದಿಯುವ ಪಾತ್ರೆಗೆ ಎಸೆದರೆ ಪರಿಮಳ ಆವಿಯಾಗಿ ಹೋಗುವುದು. ರಕ್ತವನ್ನು ತೆಳುಗೊಳಿಸುವ ಔಷಧ ಸೇವಿಸುವವರೂ, ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರೂ, ಗರ್ಭಿಣಿಯರೂ ತಮ್ಮ ವೈದ್ಯರನ್ನು ಕೇಳದೆ ಇದನ್ನು ಔಷಧದ ಪ್ರಮಾಣದಲ್ಲಿ ಆರಂಭಿಸಕೂಡದು. ಅರ್ಬುದವನ್ನು ಕೇಸರಿ ಗುಣಪಡಿಸುವುದೆಂಬ ಪ್ರಚಾರಕ್ಕೆ ಆಧಾರ ಗಾಜಿನ ನಳಿಗೆಯ ಜೀವಕೋಶಗಳೂ ಇಲಿಗಳೂ ಮಾತ್ರ; ಮನುಷ್ಯರ ಚಿಕಿತ್ಸೆಗೆ ಅದು ಆಧಾರವಾಗದು.

ಆಯುರ್ವೇದದ ಮಹಾವಿದ್ಯಾಲಯಗಳು ನಮ್ಮ ರಾಜ್ಯದಲ್ಲಿ ಹಲವಿವೆ, ಅವುಗಳಿಗೆ ಸೇರಿದ ಆಸ್ಪತ್ರೆಗಳೂ ಇವೆ, ಅರೆತಲೆನೋವಿನಿಂದ ಬಳಲಿ ಅಲ್ಲಿಗೆ ಬರುವವರಿಗೂ ಕೊರತೆಯಿಲ್ಲ. ತುಪ್ಪದಲ್ಲಿ ಹುರಿದ ಕೇಸರಿಯ ಆ ನಸ್ಯಯೋಗವನ್ನು, ದರ್ಜೆ ಅಳೆದ ಕೇಸರಿಯಿಂದಲೇ ತಯಾರಿಸಿ, ಬರಿಯ ತುಪ್ಪಸಕ್ಕರೆಗಳ ನಸ್ಯದೊಡನೆ ಹೋಲಿಸಿ, ಕೆಲವು ನೂರು ರೋಗಿಗಳ ಒಪ್ಪಿಗೆ ಪಡೆದು, ತಿಂಗಳಿಗೆ ಎಷ್ಟು ಸಲ ನೋವು ಬಂತು, ಎಷ್ಟು ಹೊತ್ತು ಇತ್ತು ಎಂಬ ದಿನಚರಿಯನ್ನು ಅವರಿಂದಲೇ ಬರೆಯಿಸುತ್ತ ಆರು ತಿಂಗಳು ನಡೆಸುವ ಒಂದು ಪರೀಕ್ಷೆ ಈ ಸಂಸ್ಥೆಗಳ ಶಕ್ತಿಗೆ ಮೀರಿದುದಲ್ಲ. ಎರಡು ನಸ್ಯಗಳಿಗೂ ಬಣ್ಣ ಒಂದೇ ಆಗಿರುವಂತೆ ನೋಡಿಕೊಳ್ಳುವುದೊಂದೇ ಅದರಲ್ಲಿ ಕಷ್ಟದ ಕೆಲಸ. ಅದಕ್ಕೂ ಒಂದು ಚಿಟಿಕೆ ಅರಿಸಿನ ಸಾಕಾಗಬಹುದು.